ಬರುವುದಿಲ್ಲ ಎಂದವಳ ಕ್ಯಾಲೆಂಡರ್

ನಮ್ಮ ಕಡೆ ಕರೆಯಲು ಬಂದವರಿಗೆ ಯಾರೂ ಬರುವುದಿಲ್ಲ ಎಂದು ಹೇಳುವುದಿಲ್ಲ. ಮದುವೆಯಿರಲಿ, ತೊಟ್ಟಿಲಿರಲಿ, ಹೊಸ ಅಂಗಡಿಯ ಪೂಜೆಯಿರಲಿ, ಬಾಗಿಲಲ್ಲಿ ನಿಂತು ಕಾರ್ಡು ಕೊಟ್ಟವರಿಗೆ "ಬರ್ತೀವ್ರಿ, ಬರದ ಇರ್ತೀವೇನು" ಎನ್ನಬೇಕು. ಅದೇ ದಿನದ ತಿರುಪತಿ ಟಿಕೆಟ್ ಜೇಬಿನಲ್ಲಿದ್ದರೂ ಹಾಗೇ ಅನ್ನಬೇಕು. ಶುಭಕಾರ್ಯಕ್ಕೆ ಮುಖದ ಮೇಲೆ ಇಲ್ಲ ಅಂದರೆ ಅಪಶಕುನ. ಕರೆದವರಿಗೂ ಇದು ಗೊತ್ತು. ಹೂಂ ಅಂದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಅಕ್ಕಿ ಹಾಕುತ್ತಾರೆ, ಊಟ ಸರಿಹೋಗುತ್ತದೆ. ಹೊಸಪೇಟೆಯಲ್ಲಿ ಇದರಿಂದ ಯಾರ ಮನೆಯ ಅನ್ನವೂ ಹಳಸಿದ್ದನ್ನು ನಾನು ಕಂಡಿರಲಿಲ್ಲ.

ನನಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಹೇಳಿಬಿಡುವವಳು ನಾನು. ಇದಕ್ಕಾಗಿ ಗಂಡನ ಮನೆಯಲ್ಲಿ ನನಗೆ ಅಂಥ ಒಳ್ಳೆಯ ಹೆಸರೇನೂ ಇಲ್ಲ. "ಹೂಂ ಅಂದ್ರ ನಿನ್ನ ಗಂಟೇನು ಹೋಗ್ತೈತಿ?" ಎಂದು ನನ್ನ ಗಂಡ ನಾವಿರುವ ಚಿತ್ತವಾಡ್ಗಿಯ ಅರ್ಧ ಓಣಿಗೆ ನನ್ನ ಪರವಾಗಿ ತಾವೇ ಹೂಂ ಹೇಳಿ ಬಂದಿದ್ದಾರೆ. ಬೀದಿಯಲ್ಲಿ ಸಿಕ್ಕವರು "ಅವತ್ತ ಬರ್ಲೇ ಇಲ್ಲಲ್ರಿ" ಎಂದಾಗ, ನಾನು ಒಪ್ಪಿಕೊಂಡೇ ಇರಲಿಲ್ಲ ಎಂದು ವಾದ ಮಾಡಿ ಇನ್ನಷ್ಟು ಕೆಟ್ಟವಳಾಗಿದ್ದೇನೆ.

ನನ್ನ ಕೆಲಸ ಅದಿರು ಪರೀಕ್ಷೆಯ ಒಂದು ಲ್ಯಾಬಿನಲ್ಲಿ. ಸಂಡೂರಿನ ಗುಡ್ಡದಿಂದ ಮಾದರಿಗಳು ಚೀಲದಲ್ಲಿ ಇಳಿದು ಬರುತ್ತವೆ. ಒಣಗಿಸಿ, ಪುಡಿ ಮಾಡಿ, ಆಸಿಡ್‌ನಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನಾವು ಹೇಳಬೇಕು. ಹೇಳುವತನಕ ಅಲ್ಲಿ ಲಾರಿಗೆ ಅದಿರು ತುಂಬುವುದಿಲ್ಲ, ಡ್ರೈವರುಗಳು ಲಾರಿಯ ನೆರಳಲ್ಲಿ ಮಲಗಿ ನಮಗೆ ಶಾಪ ಹಾಕುತ್ತಿರುತ್ತಾರೆ. ಮಷಿನ್ನು ಇದೆ, ಆದರೆ ಕೊಳ್ಳುವವನು ತಕರಾರು ತೆಗೆದರೆ ಕೈಯಲ್ಲೇ ಮಾಡಿ ತೋರಿಸಬೇಕು. ಕರಗಿದ ಅದಿರಿನ ಹಳದಿ ಬಣ್ಣ ಹೋದ ಮೇಲೆ ತಡ ಮಾಡುವಂತಿಲ್ಲ. ಗಾಳಿ ತಾಗಿದರೆ ಲೆಕ್ಕ ಕೆಡುತ್ತದೆ. ಬ್ಯುರೆಟ್ ಎಂಬ ಗಾಜಿನ ಕೊಳವೆಯಿಂದ ಫ್ಲಾಸ್ಕಿಗೆ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತ, ನೇರಳೆ ಬಣ್ಣ ಬರುವತನಕ ಕಣ್ಣು ಕೀಳದೆ ನಿಲ್ಲಬೇಕು. ಟೈಟ್ರೇಶನ್ ಎನ್ನುವುದು ಇದಕ್ಕೇ. ಮಧ್ಯದಲ್ಲಿ ಬಿಟ್ಟು ಹೋದರೆ ಮೊದಲಿನಿಂದ ಶುರು.

ಇದನ್ನು ನನಗೆ ಕಲಿಸಿದವರು ನಮ್ಮ ಲ್ಯಾಬಿನ ಮುಖ್ಯಸ್ಥರು. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಅನ್ನುತ್ತೇನೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿದ ಮನೆತನ. ಹಣೆಗೆ ವಿಭೂತಿ, ಇಸ್ತ್ರಿ ಕೆಡದ ಅಂಗಿ, ಎಂದೂ ಏರದ ದನಿ. "ಮನಿಗೆ ಬೆಂಕಿ ಹತ್ತಿದ್ರೂ ಫ್ಲಾಸ್ಕ್ ಬಿಟ್ಟು ಹೋಗಬ್ಯಾಡವ್ವಾ" ಎಂದು ನನ್ನ ಮೊದಲ ವರ್ಷದಲ್ಲಿ ಹೇಳಿದ್ದರು. ನಾನು ಅದನ್ನು ನಂಬಿದೆ. ಹೇಳಿದವರು ಮರೆತರೂ ನಾನು ಮರೆಯಲಿಲ್ಲ.

ಅವರ ನಿವೃತ್ತಿ ಹತ್ತಿರ ಬಂದಿತ್ತು. ಅವರ ನಂತರ ಆ ಕುರ್ಚಿ ಯಾರಿಗೆ ಎಂದು ಅವರೇ ಮಾಲೀಕರಿಗೆ ಹೇಳಬೇಕು. ಮಾಲೀಕರು ಅವರ ಮಾತನ್ನು ತೆಗೆದುಹಾಕುವವರಲ್ಲ. ನನಗೆ ಆ ಕುರ್ಚಿ ಬೇಕಿತ್ತು. ಸಿಕ್ಕರೆ ಸಿಗಲಿ ಅನ್ನುವಂಥ ಆಸೆಯಲ್ಲ, ಬೇಕೇ ಬೇಕಿತ್ತು. ನನಗಿಂತ ಮೊದಲಿನವರು ಲ್ಯಾಬಿನಲ್ಲಿ ಯಾರೂ ಉಳಿದಿರಲಿಲ್ಲ. ಅದೂ ಅಲ್ಲದೆ, ಕುರ್ಚಿ ಇನ್ನೊಬ್ಬರಿಗೆ ಹೋದರೆ ನನ್ನನ್ನು ಗುಡ್ಡದ ಮೇಲೆ ಮಾದರಿ ತುಂಬುವ ತಗಡಿನ ಶೆಡ್ಡಿಗೆ ಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. ಹಳೆಯವರು ಕಣ್ಣೆದುರು ಇರುವುದು ಹೊಸ ಮುಖ್ಯಸ್ಥರಿಗೆ ಯಾವತ್ತೂ ಇಷ್ಟವಾಗುವುದಿಲ್ಲ. ದಿನಾ ಬೆಳಿಗ್ಗೆ ಸಂಡೂರಿನ ಬಸ್ಸು, ಅಲ್ಲಿಂದ ಮೇಲಕ್ಕೆ ಕಂಪನಿಯ ಜೀಪು, ಸಂಜೆ ಕೆಂಪು ಧೂಳಿನಲ್ಲಿ ಮಿಂದು ವಾಪಸ್ಸು. ನನ್ನ ಮೊಣಕಾಲು ಅದಕ್ಕೆ ಆಗಲೇ ರಾಜೀನಾಮೆ ಕೊಟ್ಟಿತ್ತು.

ಇನ್ನೊಬ್ಬ ಎಂದರೆ ಒಬ್ಬನೇ. ನನಗಿಂತ ಎಷ್ಟೋ ವರ್ಷ ಆಮೇಲೆ ಸೇರಿದವನು, ಮರಿಯಮ್ಮನಹಳ್ಳಿಯವನು. ನನ್ನನ್ನು ಅಕ್ಕಾ ಅಕ್ಕಾ ಎನ್ನುತ್ತಿದ್ದುದರಿಂದ ಅವನನ್ನು ತಮ್ಮ ಎಂದು ಕರೆಯೋಣ. ಬ್ಯುರೆಟ್ಟಿನ ಮುಂದೆ ನಿಲ್ಲಿಸಿದರೆ ಅವನಿಗೆ ನೇರಳೆ ಯಾವುದು ಕಪ್ಪು ಯಾವುದು ತಿಳಿಯುತ್ತಿರಲಿಲ್ಲ. ಬಾಯಿ ಮಾತ್ರ ಹೋಳಿಗೆ ಹೂರಣ.

ಇಂಥ ಹೊತ್ತಿನಲ್ಲಿ ಕಂಪನಿಗೆ ಕ್ಯಾಲೆಂಡರ್ ಸಾಫ್ಟ್‌ವೇರ್ ಬಂತು. ಅಲ್ಲಿಯವರೆಗೆ ಸರ್ ಬಾಗಿಲಿಗೆ ಬಂದು "ಬರ್ರಿ, ಕುಂದ್ರೂಣು" ಎಂದರೆ ಅದೇ ಮೀಟಿಂಗು. ಈಗ ಕಂಪ್ಯೂಟರಿನಲ್ಲಿ ಆಹ್ವಾನ ಬರುತ್ತದೆ, ಕೆಳಗೆ ಮೂರು ಗುಂಡಿ: ಬರುತ್ತೇನೆ, ಬರುವುದಿಲ್ಲ, ಬಹುಶಃ. ನಮ್ಮ ಜನಕ್ಕೆ ಒಂದೇ ಗುಂಡಿ ಕಂಡಿತು. ಬಾಗಿಲಿಗೆ ಕಾರ್ಡು ತಂದವರಿಗೆ ಹೇಳಿದ ಹಾಗೆಯೇ ಎಲ್ಲರೂ ಎಲ್ಲದಕ್ಕೂ ಬರುತ್ತೇನೆ ಎಂದು ಒತ್ತಿದರು. ಆಮೇಲೆ ಬರಬೇಕೆನಿಸಿದವರು ಬಂದರು, ಉಳಿದವರು "ದಾರ್ಯಾಗ ಅದೀನ್ರಿ ಸರ್" ಎಂದು ಫೋನ್ ಮಾಡಿದರು. ಬರುವುದಿಲ್ಲ ಎಂಬ ಗುಂಡಿಯನ್ನು ಇಡೀ ಲ್ಯಾಬಿನಲ್ಲಿ ಒತ್ತಿದವಳು ನಾನೊಬ್ಬಳೇ. ಮೀಟಿಂಗು ಹನ್ನೊಂದಕ್ಕೆ ಇರುತ್ತಿತ್ತು. ಆ ಹೊತ್ತಿಗೆ ನನ್ನ ಕೈಯಲ್ಲಿ ಫ್ಲಾಸ್ಕ್ ಇರುತ್ತಿತ್ತು. ಇಲ್ಲ ಎಂದೆ.

ಒಪ್ಪದ ಮೀಟಿಂಗು ನಮ್ಮ ಕ್ಯಾಲೆಂಡರಿನಿಂದ ತಾನಾಗಿ ಮಾಯವಾಗುತ್ತಿತ್ತು. ಹಾಗೇ ಮಾಯವಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಸರ್‌ಗೆ ಅದು ಸರಿಕಾಣಲಿಲ್ಲ. "ಇಲ್ಲ ಅಂದದ್ದು ಹಂಗ ಅಳಿಸಿ ಹೋಗಬಾರ್ದು, ದಾಖಲಿ ಇರಬೇಕು" ಎಂದು ಸೆಟ್ಟಿಂಗ್ಸ್ ಎಲ್ಲ ಹುಡುಕಾಡಿ, ಒಪ್ಪದ ಮೀಟಿಂಗುಗಳನ್ನೂ ಉಳಿಸಿಕೊಳ್ಳುವ ಒಂದು ಚೌಕವನ್ನು ಕಂಡುಹಿಡಿದರು. ಎಲ್ಲರೂ ಅದಕ್ಕೆ ಗುರುತು ಹಾಕಬೇಕು, ಎಲ್ಲರ ಕ್ಯಾಲೆಂಡರೂ ತಮಗೆ ಕಾಣಬೇಕು ಎಂದು ಆದೇಶವಾಯಿತು. ಅಲ್ಲಿಂದ ಮುಂದೆ ನಾನು ಒಲ್ಲೆ ಎಂದ ಪ್ರತಿಯೊಂದು ಮೀಟಿಂಗೂ ಅದರ ಹೆಸರಿನ ಮೇಲೆ ಒಂದು ಗೆರೆ ಎಳೆಸಿಕೊಂಡು ಅಲ್ಲೇ ಕೂತಿರುತ್ತಿತ್ತು.

ಸೋಮವಾರ ಬೆಳಿಗ್ಗೆ ಅದರ ಪ್ರದರ್ಶನ. ಗೋಡೆಯ ಟೀವಿಗೆ ಕಂಪ್ಯೂಟರ್ ಜೋಡಿಸಿ ಒಬ್ಬೊಬ್ಬರ ಹಿಂದಿನ ವಾರವನ್ನು ಸರ್ ತೆರೆಯುತ್ತಿದ್ದರು. ತಮ್ಮನ ವಾರ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ. ಎಲ್ಲರದೂ ಹಾಗೇ. ನನ್ನದು ತೆರೆದರೆ ಗೆರೆಗಳೇ ಗೆರೆಗಳು. ಎಲ್ಲರಿಗೂ ಕಣ್ತುಂಬ ನೋಡಲು ಸರ್ ಬಿಡುತ್ತಿದ್ದರು. ಆಮೇಲೆ ಒಂದೊಂದೇ ಗೆರೆಯ ಮೇಲೆ ಮೌಸಿನ ಬಾಣ ಇಟ್ಟು, ಮದುವೆಮನೆಯಲ್ಲಿ ಕ್ಷೇಮ ಕೇಳುವ ಮೃದುದನಿಯಲ್ಲಿ ಕೇಳುತ್ತಿದ್ದರು: "ಮೇಡಮ್ಮರ, ಇದು ಯಾಕ ಬ್ಯಾಡಾತು?"

"ಟೈಟ್ರೇಶನ್ ನಡದಿತ್ರಿ ಸರ್."

"ಇದು?"

"ಅದೂ ಅದ ರೀ."

"ಎಲ್ಲಾರಿಗೂ ಆ ಹೊತ್ತು ಖಾಲಿ ಕಾಣಸ್ತೈತಿ. ನಿಮಗೊಬ್ಬರಿಗೇ ಏನವ್ವಾ ಅಷ್ಟು ಕೆಲ್ಸ?"

ಎಲ್ಲರೂ ನಗುತ್ತಿದ್ದರು. ಟೈಟ್ರೇಶನ್ ಬಿಟ್ಟು ಬರಬಾರದೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಕೆಲಸ ಯಾವ ಹೊತ್ತಿಗೆ ಯಾವ ಹಂತದಲ್ಲಿರುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲವರು ಅವರು. ಮೀಟಿಂಗನ್ನು ಮಧ್ಯಾಹ್ನಕ್ಕೆ ಹಾಕಿ ಎಂದು ನಾನು ಕೇಳಿದಾಗ, ಒಬ್ಬರಿಗಾಗಿ ಎಲ್ಲರ ಊಟದ ಹೊತ್ತು ಕೆಡಿಸಲಾರೆ ಎಂದರು. ಆ ಸೋಮವಾರಗಳಲ್ಲಿ ನಾನು ಅವರನ್ನು ದ್ವೇಷಿಸಿದಷ್ಟು ಇನ್ಯಾರನ್ನೂ ದ್ವೇಷಿಸಿಲ್ಲ.

ಒಮ್ಮೆ ಹಂಪಿ ರಸ್ತೆಯ ಒಂದು ಹೋಟೆಲಿನಲ್ಲಿ ಇಡೀ ದಿನದ ತರಬೇತಿ ಇತ್ತು. ಅವತ್ತೇ ನಮ್ಮ ಅತ್ತೆಗೆ ಕಣ್ಣಿನ ಆಪರೇಶನ್. ಇಲ್ಲ ಎಂದು ಒತ್ತಿದೆ. ಬರುತ್ತೇನೆ ಎಂದವರಲ್ಲಿ ಅರ್ಧ ಮಂದಿ ಆ ಕಡೆ ತಲೆಯನ್ನೂ ಹಾಕಲಿಲ್ಲ. ತಮ್ಮನಂತೂ ಹೋಗಿ ಹಾಜರಿ ಹಾಕಿ, ಟೀ ಕುಡಿದು, ಗೆಳೆಯರ ಜೊತೆ ನದಿಯಲ್ಲಿ ತೆಪ್ಪದಲ್ಲಿ ಕೂತು ತೆಗೆಸಿಕೊಂಡ ಫೋಟೋಗಳನ್ನು ನನಗೇ ತೋರಿಸಿದ್ದ. ಸೋಮವಾರ ನನ್ನ ಗೆರೆಯ ಮೇಲೆ ಬಾಣ ಬಂತು. ಕಾರಣ ಹೇಳಿದೆ.

"ಕಣ್ಣು ಅತ್ತೀದು, ಆಪರೇಶನ್ ಡಾಕ್ಟರದು," ಎಂದರು ಸರ್. "ನಿಮ್ದೇನಿತ್ತು ಅಲ್ಲಿ ಕೆಲ್ಸ?"

ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ನನಗೆ ರೇಗಿತು. "ಬರ್ತೀನಿ ಅಂದು ಬರದವ್ರ ಹೆಸರು ಎಲ್ಲಿ ಅದಾವ್ರಿ ಇದರಾಗ? ಅವನ್ನೂ ತೋರಿಸ್ರಿ" ಎಂದೆ.

ಸರ್ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಅವ್ರಿಗೆ ಬರೋ ಮನಸ್ಸಿತ್ತು, ಆಗಲಿಲ್ಲ" ಎಂದರು. "ನಿಮಗ ಮನಸ್ಸೇ ಇಲ್ಲ. ಎರಡೂ ಒಂದಾ ಅಂತೀರೇನು?" ಹಾಗೆಂದು ಬಾಣವನ್ನು ಮುಂದಿನ ಗೆರೆಗೆ ಜರುಗಿಸಿದರು.

ಮನೆಯಲ್ಲಿ ಗಂಡ ಉಪಾಯ ಹೇಳಿದರು. ಬರುತ್ತೇನೆ ಎಂದು ಒತ್ತು, ಹೋಗಬೇಡ, ಫ್ಲಾಸ್ಕ್ ಹಿಡಿದುಕೊಂಡು ನಿಲ್ಲು, ಕುರ್ಚಿ ಸಿಗುತ್ತದೆ. ಎಷ್ಟು ಸುಲಭ. ಒಂದು ದಿನ ಆ ಗುಂಡಿಯ ಮೇಲೆ ಬೆರಳಿಟ್ಟು ಕೂತೆ ಕೂಡ. ಒತ್ತಲಾಗಲಿಲ್ಲ. ಇದು ಸತ್ಯಸಂಧತೆ ಎಂದು ಯಾರೂ ನನ್ನನ್ನು ಹೊಗಳಬೇಕಾಗಿಲ್ಲ, ಹಟ ಅಷ್ಟೇ. ಆ ಮನುಷ್ಯ ಗೋಡೆಯ ಮೇಲೆ ನನ್ನ ಮಾನ ತೆಗೆಯುತ್ತಿರುವಾಗ ಅವರಿಗೆ ಬೇಕಾದದ್ದನ್ನು ಒತ್ತಿ ಕೊಡಲು ಕೈ ಬರಲಿಲ್ಲ.

ನಿವೃತ್ತಿಗೆ ಮುಂಚಿನ ಭಾನುವಾರ ಸರ್ ಒಂದು ಊಟ ಇಟ್ಟುಕೊಂಡರು. ಕಂಪನಿಯ ಶಾಲು ಹಾರ ಬೇರೆ, ಇದು ಅವರದೇ ಸ್ವಂತದ್ದು. ಊರಿನ ಒಂದು ಕಲ್ಯಾಣ ಮಂಟಪ, ಕಂಪ್ಲಿಯಿಂದ ಕರೆಸಿದ ಅಡುಗೆಯವರು, ಲ್ಯಾಬು, ಆಫೀಸು, ಗುಡ್ಡದ ಮೇಲಿನವರು, ಮಾಲೀಕರು, ಎಲ್ಲರಿಗೂ ಆಹ್ವಾನ. ಕಾರ್ಡು ಅಚ್ಚು ಹಾಕಿಸಲಿಲ್ಲ. ಕ್ಯಾಲೆಂಡರಿನಲ್ಲೇ ಕಳಿಸಿದರು. ತಮ್ಮ ಜಾಗಕ್ಕೆ ಯಾರು ಎಂಬುದನ್ನು ಮಾಲೀಕರ ಸಮ್ಮುಖದಲ್ಲಿ ಅಲ್ಲೇ ಹೇಳುವುದಾಗಿಯೂ ಆಹ್ವಾನದ ಕೆಳಗೆ ಬರೆದಿದ್ದರು.

ಎಲ್ಲರೂ ಬರುತ್ತೇನೆ ಎಂದು ಒತ್ತಿದರು. ಒತ್ತಿದ ಕೈಯಲ್ಲೇ ಕ್ಯಾಂಟೀನಿನಲ್ಲಿ ಟೀ ಹಿಡಿದು, "ಭಾನುವಾರ ಯಾವನು ಹೋಗ್ತಾನಲೇ, ಎಲ್ಲಾರೂ ಹೋಗಿರ್ತಾರ, ನಾವೊಬ್ರು ಹೋಗದಿದ್ರ ಏನಾತು" ಎಂದು ಮಾತಾಡಿಕೊಂಡರು. ಪ್ರತಿಯೊಬ್ಬನೂ ಇದನ್ನೇ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ಎರಡು ದಿನಕ್ಕೆ ಅಧಿಕಾರ ಮುಗಿಯುವವರ ಹೋಳಿಗೆ ಅವರಿಗೆ ಅಷ್ಟು ಸಿಹಿ ಇರಲಿಲ್ಲ. ಸರ್‌ಗೆ ಹೇಳಬಹುದಿತ್ತು. ಹೇಳಲಿಲ್ಲ, ಹೇಳಬೇಕೆಂದು ಅನಿಸಲೂ ಇಲ್ಲ. ಆ ಭಾನುವಾರ ತಕರಾರಿನ ಮಾದರಿಗಳಿದ್ದವು, ಲ್ಯಾಬಿನಲ್ಲಿ ನನ್ನ ಪಾಳಿ. ಎಂದಿನಂತೆ ಬರುವುದಿಲ್ಲ ಎಂದು ಒತ್ತಿ ಕೆಲಸಕ್ಕೆ ಹೋದೆ.

ಆದರೆ ಕೆಲಸ ಬೇಗ ಮುಗಿಯಿತು. ಫಲಿತಾಂಶ ಸಂಡೂರಿಗೆ ತಿಳಿಸಿ, ಕೈ ತೊಳೆದು, ಆಸಿಡ್ ಬಿದ್ದು ತೂತಾದ ದುಪಟ್ಟಾದಲ್ಲೇ ಆಟೋ ಹತ್ತಿದೆ. ಅಭಿಮಾನದಿಂದ ಹೋದೆ ಎಂದು ಯಾರೂ ತಿಳಿಯಬೇಡಿ. ಕುರ್ಚಿಗಾಗಿ ಹೋದೆ. ಯಾರೂ ಬಂದಿರುವುದಿಲ್ಲ, ಬರುವುದಿಲ್ಲ ಎಂದವಳು ಮಾತ್ರ ಬಂದು ನಿಂತಿರುತ್ತಾಳೆ, ಆಗ ಈ ಮುದುಕನಿಗೆ ಬುದ್ಧಿ ಬಂದೇ ಬರುತ್ತದೆ, ನನ್ನ ಹೆಸರು ಹೇಳುತ್ತಾರೆ, ಹೀಗೆಲ್ಲ ಲೆಕ್ಕ ಹಾಕುತ್ತ ಆಟೋದಲ್ಲಿ ಕೂತು ಒಬ್ಬಳೇ ನಗುತ್ತಿದ್ದೆ.

ಮಂಟಪದಲ್ಲಿ ನಾನು ಊಹಿಸಿದ್ದಕ್ಕಿಂತ ಕಡಿಮೆ ಜನ ಇದ್ದರು. ಸರಿಯಾಗಿ ಹೇಳಬೇಕೆಂದರೆ ಇರಲೇ ಇಲ್ಲ. ಅವರ ಮನೆಯವರು ನಾಲ್ಕು ಮಂದಿ ಗೋಡೆಗೆ ಒರಗಿ ಕೂತಿದ್ದರು. ಉದ್ದಕ್ಕೂ ಸಾಲು ಸಾಲಾಗಿ ಎಲೆ ಹಾಸಿ, ನೀರು ಚಿಮುಕಿಸಿ, ತುದಿಗೆ ಉಪ್ಪು ಉಪ್ಪಿನಕಾಯಿ ಇಟ್ಟಿದ್ದರು. ಫ್ಯಾನಿನ ಗಾಳಿಗೆ ಎಲೆಗಳ ಅಂಚು ಎದ್ದೆದ್ದು ಬೀಳುತ್ತಿತ್ತು. ಒಳಗೆ ಕಟ್ಟಿನ ಸಾರಿನ ವಾಸನೆ, ಬದನೆಕಾಯಿ ಪಲ್ಯದ ವಾಸನೆ. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಟೀ ಬಿಟ್ಟು ಏನೂ ಬಿದ್ದಿರಲಿಲ್ಲ. ನನಗೆ ಖುಷಿಯಾಯಿತು. ಆ ಖಾಲಿ ಎಲೆಗಳನ್ನು ನೋಡಿ ನಿಜಕ್ಕೂ ಭಾಳ ಖುಷಿಯಾಯಿತು.

ಸರ್ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಹೊಸ ಧೋತರದಲ್ಲಿ ಕೂತಿದ್ದರು, ಕೈಯಲ್ಲಿ ಫೋನು. ಅವರ ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತಿದ್ದರು. ನನ್ನನ್ನು ಕಂಡದ್ದೇ ಆಕೆ, "ಬರ್ರಿ ಬರ್ರಿ, ನೀವಾರ ಬಂದ್ರಲ್ಲ" ಎಂದು ಕೈ ಹಿಡಿದುಕೊಂಡರು. "ಅರ್ಧಕ್ಕ ಹಾಕಸ್ರಿ ಅಡಗಿ ಅಂದ್ನಿ ನಾ. ಕಂಪ್ಯೂಟರ್‌ನಾಗ ಬಂದೈತಿ, ಬಾಯಿಮಾತಲ್ಲ, ಎಲ್ಲಾರೂ ಬರ್ತಾರ ಅಂತ ಪೂರಾ ಹಾಕಿಸ್ಯಾರ ನೋಡ್ರಿ."

ಸರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನೀವು ಬರಂಗಿಲ್ಲ ಅಂತ ಹಾಕಿದ್ರಿ" ಎಂದರು.

"ಕೆಲ್ಸ ಜಲ್ದಿ ಮುಗೀತ್ರಿ ಸರ್. ಬಂದ್ನಿ."

ಅಷ್ಟರಲ್ಲಿ ಫೋನ್ ಬಂತು. ತಮ್ಮ. ಸರ್ ಸ್ಪೀಕರಿಗೆ ಹಾಕಿದರು. ಹೆಂಡತಿಯ ತವರು ಕಂಪ್ಲಿಗೆ ಹೋಗಿದ್ದನಂತೆ, ವಾಪಸ್ಸು ಹೊರಟಿದ್ದಾನಂತೆ, ಬುಕ್ಕಸಾಗರ ದಾಟಿದನಂತೆ. "ದಾರ್ಯಾಗ ಅದೀನ್ರಿ ಸರ್, ಬಂದ್ನಿ ಅನ್ರಿ." ಅವನ ಹಿಂದೆ ಟೀವಿಯಲ್ಲಿ ಕ್ರಿಕೆಟ್ಟು ನಡೆದಿತ್ತು. ಯಾವಳೋ ಮುದುಕಿ "ಇನ್ನೊಂದು ಹೋಳಿಗಿ ಹಾಕಸ್ಕೋ ಅಳಿಯಪ್ಪಾ" ಎನ್ನುತ್ತಿದ್ದಳು. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಸರ್ ಮಾತ್ರ "ಸಾವಕಾಶ ಬಾರಪಾ, ಗಾಡಿ ಜೋರ್ ಹೊಡೀಬ್ಯಾಡ" ಎಂದು ಫೋನ್ ಇಟ್ಟರು.

"ಅವಂದೇ ಹೆಸರು ಹೇಳೀನಿ," ಎಂದರು ನನಗೆ. "ನಿನ್ನೇನ ಮಾಲಕ್ರಿಗೆ ಫೋನ್ ಮಾಡಿ ಮುಗಿಸೀನಿ. ಅವಗೂ ಗೊತ್ತೈತಿ. ಇವತ್ತು ಬರೇ ಎಲ್ಲಾರ ಮುಂದ ಹೇಳೂದು. ಒಂದು ಮೀಟಿಂಗಿಗೂ ಅವ ಇಲ್ಲ ಅಂದವಲ್ಲ ನೋಡವ್ವಾ. ಕುರ್ಚಿಮ್ಯಾಲ ಕುಂದ್ರೋರಿಗೆ ಅದು ಬೇಕು."

ಇಷ್ಟು ವರ್ಷದ ಹನಿ ಹನಿ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಸಂಡೂರಿನ ಬಸ್ಸು ಕಣ್ಣ ಮುಂದೆ ಬಂದು ನಿಂತಿತು. ಅಳುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡೆ. ಅವರ ಹೆಂಡತಿಗೆ ಏನು ತಿಳಿಯಿತೋ, "ಮದ್ಲು ಊಟ ಮಾಡ್ರಿ, ಬರ್ರಿ" ಎಂದು ನನ್ನನ್ನು ಎಲೆಯ ಕಡೆ ಎಳೆದರು. ನಾನು ಕೂರಲು ಬಗ್ಗಿದ್ದೆ ಕೂಡ. ಹಸಿವಿಗೆ ಮಾನ ಇರುವುದಿಲ್ಲ.

"ಅಲ್ಲಿ ಬ್ಯಾಡ," ಎಂದರು ಸರ್ ಹಿಂದಿನಿಂದ. ಅದೇ ಮೃದು ದನಿ. "ಬರ್ತೀನಿ ಅಂದವ್ರಿಗೆ ಹಾಕಿದ ಎಲಿ ಅವು. ಅವ್ರು ಬಂದ್ರ ಕಮ್ಮಿ ಬೀಳ್ತಾವ. ಮೇಡಮ್ಮರು ಲೆಕ್ಕದಾಗ ಇಲ್ಲ. ಎಲ್ಲಾರ್ದೂ ಆದಮ್ಯಾಲ ನೋಡೂಣು."

ಆಕೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ನಾನು ನೆಟ್ಟಗೆ ನಿಂತೆ. ಆ ಹೆಂಗಸಿನ ಮುಖ ನೋಡಿಯಾದರೂ ಸುಮ್ಮನೆ ಹೊರಟುಬಿಡಬಹುದಿತ್ತು. ನನಗೆ ಯಾಕೆ ಬೇಕು ಆ ದೊಡ್ಡತನ? ಆಕೆಗೂ, ಅಡುಗೆಯವರಿಗೂ, ಗೋಡೆಗೆ ಒರಗಿದವರಿಗೂ ಕೇಳಿಸುವ ಹಾಗೆ ಹೇಳಿದೆ:

"ಯಾರೂ ಬರಂಗಿಲ್ರಿ ಸರ್. ಶುಕ್ರವಾರ ಕ್ಯಾಂಟೀನಿನಾಗ ಎಲ್ಲಾರೂ ಅಂದಾರ. ರಿಟೈರ್ ಆಗೋ ಮುದುಕನ ಊಟಕ್ಕ ಯಾವನು ಹೋಗ್ತಾನ ಅಂತ, ನನ್ನ ಕಿವೀಲೆ ಕೇಳೀನಿ. ಮಾಲಕ್ರು ಬರಂಗಿಲ್ಲ. ನಿಮ್ಮ ಆ ಹುಡುಗನೂ ಬರಂಗಿಲ್ಲ. ಅವಂದು ಆಗಲೇ ಹೋಳಿಗಿ ಉಂಡಾಗೇತಿ."

ಸರ್‌ಗೆ ನನ್ನ ಮೇಲೆ ಕನಿಕರ ಬಂದಂತೆ ಕಂಡಿತು. ಕನ್ನಡಕ ಸರಿಮಾಡಿಕೊಂಡು, ಫೋನನ್ನು ನನ್ನ ಮುಖದ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಮೇಲೆ ಕೆಳಗೆ ಜರುಗಿಸಿ ತೋರಿಸಿದರು. ಹೆಸರುಗಳು, ಪ್ರತಿ ಹೆಸರಿನ ಪಕ್ಕ ಒಂದು ಹಸಿರು ಗುರುತು.

"ಹಂಗ ಇದ್ದಿದ್ರ ಇದರಾಗ ಬರ್ತಿತ್ತಲ್ಲವ್ವಾ" ಎಂದರು. "ಇಲ್ಲ ಅಂದಾಕಿ ನೀ ಒಬ್ಬಾಕೀನ."

ಆಮೇಲೆ ಬಡಿಸುವವರ ಕಡೆ ತಿರುಗಿ, ಅನ್ನ ಆರಿಹೋದೀತು, ಮುಚ್ಚಿಡಿ ಎಂದು ಹೇಳಿ, ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತರು.